ನಮ್ಮ ಮನೆಗೆ ಬಂದೂಕು ಆರಿಸಿದ ದಸರೆ

ನನ್ನ ಮಾವನವರ ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಬಡಿಸುವಾಗ ಆ ಕೈಯತ್ತ ನೋಟ ಹೋಗದಿರಲೆಂದು ನಾನು ರೊಟ್ಟಿಯನ್ನೇ ನೋಡುತ್ತ ಬಡಿಸುತ್ತಿದ್ದೆ. ಅವರಿಗೂ ಅದು ತಿಳಿಯದೆ ಇರಲಿಲ್ಲ. ಊಟಕ್ಕೆ ಕೂತರೆ ಎಡಗೈಯನ್ನು ಧೋತರದ ಮಡಿಕೆಯೊಳಗೆ ಇಟ್ಟುಕೊಂಡುಬಿಡುತ್ತಿದ್ದರು. ಹೀಗೆ ನಾವಿಬ್ಬರೂ ಮಾತಿಲ್ಲದೆ ಸೇರಿಕೊಂಡು ಆ ಕೈಯನ್ನು ಬಚ್ಚಿಡುತ್ತ ಬಂದೆವು.

ನಾನು ಬ್ಯಾಡಗಿಯವಳು. ತವರಿನಲ್ಲಿ ಮೆಣಸಿನಕಾಯಿ ವ್ಯಾಪಾರ. ಅಂಗಳದ ತುಂಬ ಒಣಹಾಕಿದ ಕಾಯಿ, ಪಡಸಾಲೆಯ ತುಂಬ ಚೀಲ. ಅಲ್ಲಿ ನಾನು ಕಂಡ ಅಪಾಯವೆಂದರೆ ಸೀನು, ಕಣ್ಣುರಿ, ಅಷ್ಟೇ. ಬಂದೂಕು ಅಂತ ಒಂದನ್ನು ಮೊದಲು ನೋಡಿದ್ದು ಐರಣಿಯ ಕಡೆಯ ಈ ಹಳ್ಳಿಗೆ, ಗಂಡನ ಮನೆಗೆ ಬಂದ ಮೇಲೆ. ಅದೂ ಅಟ್ಟದ ಮೇಲೆ, ಬೆಂಡೆಕಾಯಿ ಸೀಳಿದ ಹಾಗೆ ತುದಿ ಸೀಳಿ ಹರವಿಕೊಂಡಿದ್ದ ಒಂದು ಹಳೆಯ ಬಂದೂಕು. ಮೊದಲ ಸಲ ಕಂಡಾಗ ಅದು ಏನೆಂದೇ ನನಗೆ ಗೊತ್ತಾಗಲಿಲ್ಲ.

ಅತ್ತೆಯವರು ಹೇಳಿದರು. ನಾನು ಬರುವ ಮೊದಲಿನ ಮಾತು. ಜೋಳದ ಹೊಲಕ್ಕೆ ಚಿಗರಿಗಳ, ಅಂದರೆ ಜಿಂಕೆಗಳ, ಹಿಂಡು ಬಿದ್ದಿದೆಯೆಂದು ಮಾವನವರು ಮಳೆಯಲ್ಲೇ ಹೊರಟಿದ್ದಾರೆ. ಹಳ್ಳ ದಾಟುವಾಗ ಕಾಲು ಜಾರಿದೆ. ಬಂದೂಕಿನ ಬಾಯಿ ರಾಡಿಯಲ್ಲಿ ಊರಿದೆ. ಮೇಲಿನ ಕೆಸರನ್ನು ಒರೆಸಿಕೊಂಡರೇ ಹೊರತು ಒಳಗೆ ಹೊಕ್ಕಿದ್ದನ್ನು ನೋಡಲಿಲ್ಲ. ದಂಡೆ ಏರಿ ಗುರಿ ಹಿಡಿದು ಹೊಡೆದರು. ಗುಂಡಿಗೆ ಹೊರಬರಲು ದಾರಿ ಇರಲಿಲ್ಲ, ನಳಿಕೆಯೇ ಸಿಡಿಯಿತು. "ಚಿಗರಿ ಅಲ್ಲೇ ನಿಂತು ನೋಡಾಕತ್ತಿತ್ತಂತ, ಏನಾತು ಇವಗ ಅಂತ," ಎಂದು ಅತ್ತೆ ಹೇಳಿದರು. ಅವರಿಗೆ ನಗೆಯೂ ಬಂತು, ಸೆರಗಿನಿಂದ ಕಣ್ಣೂ ಒರೆಸಿಕೊಂಡರು.

ಹಾಗಾಗಿ ನನ್ನ ಯಜಮಾನರು ಬಂದೂಕಿನ ಪರವಾನಗಿಗೆಂದು ರಾಣೆಬೆನ್ನೂರಿನ ಕಚೇರಿಗೆ ತಿರುಗಾಡತೊಡಗಿದಾಗ ನಾನು ಮನಸ್ಸಿನಲ್ಲೇ, ಇದು ಸಿಗದಿರಲಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುವುದೂ ತಪ್ಪು ಅನ್ನಿಸುತ್ತಿತ್ತು. ಚಿಗರಿಗಳ ಕಾಟ ಸುಳ್ಳಲ್ಲ. ಹಿಂಗಾರಿ ಜೋಳ ಗೇಣುದ್ದ ಬಂದಿತೆಂದರೆ ಸಾಕು, ಬೆಳಕು ಹರಿಯುವ ಹೊತ್ತಿಗೆ ಹಿಂಡು ಹೊಲದೊಳಗೆ ನಿಂತಿರುತ್ತಿತ್ತು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ತಮಟೆ ಬಾರಿಸಿದರೆ ಪಕ್ಕದ ಹೊಲಕ್ಕೆ ಜಿಗಿಯುತ್ತಿದ್ದವು, ಆ ಹೊಲದವರು ಬಾರಿಸಿದರೆ ನಮ್ಮಲ್ಲಿಗೆ. ಮಹಾಯುದ್ಧ ಸುರುವಾಗುವುದಕ್ಕೆ ಸ್ವಲ್ಪ ಮೊದಲು, ಒಂದು ಮುಂಗಾರಿನ ಕೊನೆಯಲ್ಲಿ, ಪರವಾನಗಿ ಬಂದೇಬಿಟ್ಟಿತು. ಮನೆಯಲ್ಲಿ ಸಕ್ಕರೆ ಹಂಚಿದರು. ನನ್ನ ಕೈಗೆ ಬಂದ ಸಕ್ಕರೆ ಬೆವರಿಗೆ ಅಂಗೈಯಲ್ಲೇ ಕರಗಿತು.

ಬಂದೂಕು ಕೊಡುವವರು ಹಾವೇರಿಯ ಒಬ್ಬ ವಕೀಲರು. ಮಾವನವರ ಹಳೆಯ ಗೆಳೆಯರು, ನಾವು ಕಾಕಾ ಎನ್ನುತ್ತಿದ್ದೆವು, ಅವರು ಅತ್ತೆಯನ್ನು ವೈನಿ ಎನ್ನುತ್ತಿದ್ದರು. ಪ್ರಾಯದಲ್ಲಿ ಬೇಟೆಯ ಹುಚ್ಚು ಅವರಿಗೆ. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಚಿಗರಿಯೂ ಒಂದೇ, ಗಿಡದ ಬೊಡ್ಡೆಯೂ ಒಂದೇ ಆಗಿತ್ತು. ಅವರ ಹತ್ತಿರ ಎರಡು ರೈಫಲ್ಲುಗಳಿದ್ದವು. ಒಂದನ್ನು ಇರುವತನಕ ಗೋಡೆಯ ಮೇಲೆ ನೋಡಿಕೊಂಡು ಇರುತ್ತೇನೆ, ಇನ್ನೊಂದನ್ನು ನಿಮಗೆ ಬಿಡುತ್ತೇನೆ, ಯಾವುದು ಬೇಕೋ ಹೊಡೆದು ನೋಡಿ ಆರಿಸಿಕೊಳ್ಳಿ ಎಂದು ಹೇಳಿ, ದಸರೆಯ ಹಬ್ಬಕ್ಕೆ ಎರಡನ್ನೂ ತೆಗೆದುಕೊಂಡು ತಾವೇ ಬಂದರು. ರಾಣೆಬೆನ್ನೂರಿನ ತನಕ ಮೋಟಾರಿನಲ್ಲಿ, ಅಲ್ಲಿಂದ ನಮ್ಮ ಚಕ್ಕಡಿಯಲ್ಲಿ.

ಪಡಸಾಲೆಯಲ್ಲಿ ಕಂಬಳಿ ಹಾಸಿ ಎರಡನ್ನೂ ಮಲಗಿಸಿದರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಒಂದು ಅಲಂಕಾರದ್ದು. ನಡುವೆ ಬಂಗಾರದ ಹಾಗೆ ಹೊಳೆಯುವ ಹಿತ್ತಾಳೆ, ಅದರ ಮೇಲೆ ಬಳ್ಳಿಯ ಕೆತ್ತನೆ. ಕೆಳಗೊಂದು ಹಿಡಿ, ಅದನ್ನು ಕೆಳಗೆಳೆದು ಮೇಲೆ ತಳ್ಳಿದರೆ ಮುಂದಿನ ತೋಟಾ ತಾನೇ ಏರಿ ಕೂರುತ್ತಿತ್ತು. ಇನ್ನೊಂದಕ್ಕೆ ಅಲಂಕಾರವೇ ಇಲ್ಲ. ಕಪ್ಪು ಕಬ್ಬಿಣ, ಹಿಂದಿನ ಕಟ್ಟಿಗೆಯ ಮೇಲೆ ಗೀರುಗಳು, ಬೆನ್ನ ಮೇಲೆ ನಮ್ಮ ಬಾಗಿಲ ಚಿಲಕದಂಥದ್ದೇ ಒಂದು ಚಿಲಕ.

ಯಜಮಾನರು ಹಿತ್ತಾಳೆಯದನ್ನು ಎತ್ತಿಕೊಂಡವರು ಕೆಳಗಿಡಲಿಲ್ಲ. ಆ ಹಿಡಿಯನ್ನು ಛಕ್ ಛಕ್ ಎಳೆದು ತಳ್ಳಿ, "ಕಾಕಾ, ಇದ ಇರ್ಲಿ ಬಿಡ್ರಿ. ಒಂದು ತಪ್ಪಿದ್ರ ಕಣ್ಣು ಪಿಳುಕಸೋದ್ರಾಗ ಇನ್ನೊಂದು ಹೊಡೀಬಹುದು," ಎಂದರು.

"ತಪ್ಪತೈತಿ ಅಂತ ಮನಿಯಾಗ ಠರಾವು ಮಾಡಿಕೊಂಡು ಬ್ಯಾಟಿಗೆ ಹೋಗ್ತಿಯೇನಲೇ?" ಎಂದರು ಕಾಕಾ. "ಚಿಗರಿ ಬಯಲಾಗ ನಿಂದರ್ತೈತಿ. ಅದಕ್ಕ ನೀ ಹತ್ರ ಹೋಗೋದು ಅಷ್ಟರಾಗ ಐತಿ. ದೂರದಿಂದ ಹೊಡೀಬೇಕು. ಗುಂಡು ಒಂದು ಗೇಣು ಆಕಡಿ ಈಕಡಿ ಆತಂದ್ರ ಹೊಟ್ಟಿಗೆ ಬೀಳತೈತಿ, ಕಾಲಿಗೆ ಬೀಳತೈತಿ. ಆಮ್ಯಾಲ ಅದು ಯಾವ ಬೇಲಿಯಾಗ ಬಿದ್ದು ಒದ್ದಾಡ್ತೈತೋ, ಹದ್ದು ಸುತ್ತೋತನಕ ನಿನಗ ಗೊತ್ತಾಗೂದಿಲ್ಲ. ಮೊದಲನೇ ಗುಂಡು ಎಲ್ಲಿ ಹೋತೋ ಎರಡನೇದೂ ಅಲ್ಲೇ ಹೋಗಬೇಕು, ಅಂಥಾದ್ದು ನೋಡು. ಹಗುರ ಐತಂತ ಖುಷಿ ಪಡಬ್ಯಾಡ, ಹಗುರ ಇದ್ದದ್ದು ಭುಜಕ್ಕ ಒದೀತೈತಿ. ಎತ್ತಿ ಹಿಡಕೊಂಡು ನಿಂತು ನೋಡು, ತೋಳು ನಡಗತೈತೋ ಇಲ್ಲೋ. ಗಲ್ಲ ಇಟ್ರ ಕಣ್ಣು ತಾನ ಹೋಗಿ ನಳಿಕಿ ತುದಿಯ ಗುರಿಮಣಿ ಮ್ಯಾಲ ಕುಂದರಬೇಕು. ಮಳ್ಯಾಗ ತೋಯ್ದ್ರ ಚಿಲಕ ಹಿಡಕೋಬಾರ್ದು. ತೋಟಾ ಹುಬ್ಬಳ್ಳಿಯಾಗಾದ್ರೂ ಸಿಗಬೇಕು."

ಮಾವನವರು ಕಂಬಕ್ಕೆ ಒರಗಿ ಕೂತಿದ್ದರು. "ಇದರ ಒಳಗ ನೋಡೋದು ಹ್ಯಾಂಗ?" ಎಂದು ಮೆಲ್ಲಗೆ ಕೇಳಿದರು.

ಕಾಕಾ ಕಪ್ಪು ರೈಫಲ್ಲಿನ ಚಿಲಕ ಎತ್ತಿ ಹಿಂದಕ್ಕೆಳೆದು ಪೂರ್ತಿ ಹೊರತೆಗೆದರು. "ಇದಕ್ಕ ಹಿಂಗ. ಹಿಂದಿನಿಂದ ಕಣ್ಣಿಟ್ರ ಆಕಾಶ ಕಾಣಸ್ತೈತಿ. ಆ ಹಿತ್ತಾಳಿ ರಾಣೀಗೆ ಅದು ಬರೂದಿಲ್ಲ. ಮುಂದಿನಿಂದ ಬಾಯಾಗ ಇಣಕಬೇಕು, ಹಿಂದ ಉಗುರು ಹಿಡದು ಅದರ ಹೊಳಪಲೆ ಒಳಗ ಬೆಳಕು ಹಾಯಿಸಿಕೋಬೇಕು. ನನ್ನ ಕಣ್ಣಿಗೆ ಅದು ಆಗದ ಭಾಳ ದಿನಾತು."

ಯಜಮಾನರು ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಹಿಂದೆ ಬಂದು ನಿಂತಿದ್ದ ಅತ್ತೆ, "ಆ ಬಂಗಾರದ್ದ ಚಂದ ಐತವಾ. ಇನ್ನೊಂದು ದನ ಕಾಯೋರ ಬಡಿಗಿ ಇದ್ದಂಗ ಐತಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಒಲೆಯ ಮೇಲೆ ಬಿಟ್ಟ ರೊಟ್ಟಿ ಸೀದ ವಾಸನೆ ಬಂದಾಗ ನಾನು ಒಳಗೆ ಓಡಿದೆ.

ಮಾರನೆಯ ದಿನ ಖಂಡೇಪೂಜೆ, ಆಯುಧಗಳ ಪೂಜೆ. ನಮ್ಮ ಮನೆಯಲ್ಲಿ ಕುಡಗೋಲು, ಕೊಡಲಿ, ಕುಂಟೆಯ ತಾಳು, ಒನಕೆ, ತಕ್ಕಡಿ ಎಲ್ಲವನ್ನೂ ತೊಳೆದು ವಿಭೂತಿ ಬಳಿದು ಜಗುಲಿಯ ಮುಂದೆ ಇಡುತ್ತಾರೆ. ಅಟ್ಟದಿಂದ ಆ ಸೀಳು ಬಂದೂಕೂ ಇಳಿಯುತ್ತಿತ್ತು. ಈ ಸಲ ಅದರ ಪಕ್ಕದಲ್ಲಿ ಎರಡು ಹೊಸಬರು. ಪೂಜೆ ಮಾಡುವವರು ಅತ್ತೆ. ನಾನು ಒಲೆಯ ಮುಂದಿದ್ದೆ, ಹೋಳಿಗೆ ಬೇಯಿಸುತ್ತ. ಪೂಜೆಗಿಟ್ಟದ್ದನ್ನು ಬನ್ನಿ ಮುಡಿದು ಬರುವತನಕ ಯಾರೂ ಎತ್ತುವಂತಿಲ್ಲ. ಆ ಎರಡು ದಿನ ನನಗೆ ಎಷ್ಟೋ ನೆಮ್ಮದಿ. ಬಂದೂಕುಗಳು ದೇವರ ಮುಂದೆ ಮಲಗಿವೆ, ಯಾರ ಕೈಯಲ್ಲೂ ಇಲ್ಲ. ಬನ್ನಿ ಕೊಟ್ಟು ಬಂಗಾರದ್ಹಾಂಗಿರೋಣ ಎಂದು ಊರವರೆಲ್ಲ ಬಂದು ಹೋದರು. ಬಂದವರೆಲ್ಲ ಹಿತ್ತಾಳೆಯದನ್ನೇ ಹೊಗಳಿದರು.

ಬನ್ನಿಯ ಮರುದಿನ ಬೆಳಿಗ್ಗೆ ಗುರಿ ನೋಡಲು ಹೊರಟರು. ಹೊಳೆಗೆ ಹೋಗಿ ಸೇರುವ ಹಳ್ಳದಲ್ಲಿ ಒಂದು ಕಡೆ ದಂಡೆ ಗೋಡೆಯ ಹಾಗೆ ಎತ್ತರ. ಗುಂಡು ಮಣ್ಣಿನಲ್ಲಿ ಹೂತುಹೋಗುತ್ತದೆ, ಆಚೆ ಹೊಲದಲ್ಲಿದ್ದವರಿಗೆ ತಾಗುವುದಿಲ್ಲ. ಯಜಮಾನರು ಬಂದೂಕುಗಳ ಮೇಲಿನ ಕುಂಕುಮ ಒರೆಸುತ್ತಿದ್ದರು. "ಅಬ್ಬಾ, ಇರಿವಿ ನೋಡ್ರಿ ಕಾಕಾ," ಎಂದು ಹಿತ್ತಾಳೆಯದರ ತುದಿಯನ್ನು ಪಂಚೆಯಿಂದ ಝಾಡಿಸಿದರು. "ಬೆಲ್ಲದ ಕೈ ತಾಗಿರಬೇಕು ಬಿಡು," ಎಂದರು ಕಾಕಾ. ಗಂಡಸರಿಬ್ಬರೂ ಆಳಿನ ಜೊತೆ ಚಕ್ಕಡಿ ಏರಿದರು. ಮಾವನವರು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಚಕ್ಕಡಿ ಕಣ್ಮರೆಯಾಗುವತನಕ ನೋಡಿದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಅವರಿಗೆ ಬುತ್ತಿ ಕಳಿಸಬೇಕಿತ್ತು. ಅತ್ತೆ ಗೋಡೆಗೆ ಆನಿಕೊಂಡು ಬತ್ತಿ ಹೊಸೆಯುತ್ತಿದ್ದರು. ಏನಾದರೂ ಮಾತಾಡುತ್ತಿದ್ದರೆ ಭಯ ಸ್ವಲ್ಪ ದೂರ ನಿಲ್ಲುತ್ತದೆ ಎಂದು ನಾನೇ ಮಾತು ತೆಗೆದೆ.

"ಬಂದೂಕಿಗೆಲ್ಲಾ ಇರಿವಿ ಮುತ್ತಿದ್ವರೀ ಅತ್ತಿ."

"ಮುತ್ತದ ಏನ್ ಮಾಡ್ತಾವ? ಎಡಿ ಉಂಡೈತಿ."

"ಎಡಿ ಮುಂದ ಇಟ್ಟಿದ್ರಲ್ಲ, ಎಲಿ ಮ್ಯಾಲೆ?"

"ಎಲಿ ಮ್ಯಾಲಿಂದು ದೇವರಿಗೆ. ಬಂದೂಕಕ್ಕ ಬಾಯಾಗ ಇಡಬೇಕು. ನಮ್ಮತ್ತಿ ಕಾಲದಿಂದ ಹಂಗ. ಹೂರಣದ್ದು ಒಂದು ಉಂಡಿ ಮಾಡಿ ಕಿರಿಬೆರಳಲೆ ಒಳಗ ಒತ್ತೇನಿ, ಬೀಳಬಾರ್ದಂತ."

ನನ್ನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಆಮೇಲೆ ಯೋಚಿಸಿದಾಗ ಅತ್ತೆಯ ಲೆಕ್ಕ ನನಗೆ ಅರ್ಥವಾಗಿದೆ. ಹಳೆಯ ಬಂದೂಕಿಗೆ ಮದ್ದು, ಚಿಂದಿ, ಗುಂಡು ಎಲ್ಲವನ್ನೂ ಬಾಯಿಂದಲೇ ತುಂಬಿ ಸಲಾಕೆಯಿಂದ ಜಡಿಯಬೇಕಿತ್ತು. ತುಂಬುವ ಮೊದಲು ಚಿಂದಿ ಸುತ್ತಿದ ಸಲಾಕೆ ಹಾಕಿ ತಿಕ್ಕುತ್ತಿದ್ದರು. ಹಬ್ಬದ ಹೂರಣ ಆ ಚಿಂದಿಯ ಜೊತೆಗೇ ಹೊರಬರುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಈ ಹೊಸ ಬಂದೂಕುಗಳು ಉಣ್ಣುವುದು ಬೇರೆ ಕಡೆಯಿಂದ, ಬಾಯಿಯ ಗೊಡವೆಗೆ ಯಾರೂ ಹೋಗುವುದಿಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಆದರೆ ಆಗ ನನಗೆ ಇದೊಂದೂ ಹೊಳೆಯಲಿಲ್ಲ. ಅಟ್ಟದ ಮೇಲಿನ ಸೀಳು ನಳಿಕೆ ಮಾತ್ರ ಕಣ್ಣಿಗೆ ಬಂತು.

"ಎರಡಕ್ಕೂ ಇಟ್ರೇನ್ರಿ?"

"ಆ ಬಡಿಗಿಗೆ ಯಾಕ ಇಡ್ಲಿ? ಅದು ಹೊಳ್ಳಿ ಹಾವೇರಿಗೆ ಹೋಗೂದು. ನಮ್ಮ ಮನಿಗೆ ಬರೂದಕ್ಕಷ್ಟ ಇಟ್ಟೇನಿ, ಬಂಗಾರದ್ದಕ್ಕ."

"ಅತ್ತೀ, ಮಾವನವರ ಬಂದೂಕ ಒಡದಿದ್ದು ಬಾಯಾಗ ಮಣ್ಣು ಹೊಕ್ಕು ಅಲ್ಲೇನ್ರಿ?"

"ಅದು ಹಳ್ಳದ ರಾಡಿ. ಇದು ದೇವರ ಎಡಿ. ಏನ್ ಮಾತಾಡ್ತೀಯೇ ನೀನು, ಹಬ್ಬದ ದಿನದಾಗ!" ಎಂದು ಸಿಟ್ಟಾದರು. ಆದರೆ ಸಿಟ್ಟಾಗುತ್ತ ಆಗುತ್ತಲೇ ಅವರ ಮುಖ ಬಣ್ಣಗೆಟ್ಟಿತು. ಹೊಸೆಯುತ್ತಿದ್ದ ಬತ್ತಿ ತೊಡೆಯ ಮೇಲೆಯೇ ಉಳಿಯಿತು.

ಕಟ್ಟೆಯ ಮೇಲಿದ್ದ ಮಾವನವರಿಗೆ ಎಲ್ಲ ಕೇಳಿಸಿತ್ತು. ಬಾಗಿಲಲ್ಲಿ ಬಂದು ನಿಂತರು. ಅವರಿಗೆ ಉಬ್ಬಸ, ಓಡುವ ಹಾಗಿರಲಿಲ್ಲ. "ಮಗಳ, ಚಕ್ಕಡಿ ಹಾದಿ ಹಿಡಿಬ್ಯಾಡ, ಅದು ಸುತ್ತ ಹಾಕ್ಕೊಂಡು ಆಚಿ ದಂಡಿಗೆ ಹೋಗತೈತಿ. ಹತ್ತಿ ಹೊಲದಾಗ ಹಾಯ್ದು ಹೋಗ. ಹಿಂಗ," ಎಂದು ಕೈ ಚಾಚಿ ದಿಕ್ಕು ತೋರಿಸಿದರು. ತೋರಿಸಿದ್ದು ಎಡಗೈ. ಮೊದಲ ಸಲ ನಾನು ಅದನ್ನು ನೇರವಾಗಿ ನೋಡಿದೆ.

ಅತ್ತೆ ಬುತ್ತಿಯ ಗಂಟನ್ನು, ಮಜ್ಜಿಗೆಯ ಗಡಿಗೆಯನ್ನು ನನ್ನ ಕೈಗೆ ತುರುಕಿದರು. "ಬರಿಗೈಲೆ ಗಂಡಸರ ನಡುವ ಹ್ಯಾಂಗ ಹೋಗ್ತಿ, ತಗೋ, ತಗೋ," ಎಂದರು. ಬೇಡ ಎನ್ನಲು ಹೊತ್ತಿರಲಿಲ್ಲ. ಹಿಡಿದುಕೊಂಡೇ ಓಡಿದೆ.

ಹತ್ತಿ ಎದೆಮಟ್ಟ ಬೆಳೆದಿತ್ತು. ಗಿಡದ ಕಡ್ಡಿಗಳು ಸೀರೆ ಹಿಡಿದು ಎಳೆಯುತ್ತಿದ್ದವು. ಎರೆಭೂಮಿ, ಬನ್ನಿಯ ಸಂಜೆ ಬಿದ್ದ ಮಳೆಗೆ ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರವಾಗುತ್ತಿತ್ತು. ಹೊಡೆಯಬೇಡಿ, ಇನ್ನೂ ಹೊಡೆಯಬೇಡಿ ಎಂದು ಬಾಯಲ್ಲೇ ಅಂದುಕೊಳ್ಳುತ್ತಿದ್ದೆ. ಯಜಮಾನರು ಯಾವುದನ್ನು ಮೊದಲು ಎತ್ತಿಕೊಳ್ಳುತ್ತಾರೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಹೊಲದ ನಡುವೆ ಇದ್ದೆ. ಗುಂಡಿನ ಸಪ್ಪಳ ಕೇಳಿತು.

ನಾನು ಅಲ್ಲೇ ಕುಸಿದೆ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು, ಹಾರಿ ಹೋದವು, ಆಮೇಲೆ ಏನೂ ಇಲ್ಲ. ಕೂಗು ಕೇಳುತ್ತದೆಯೋ ಎಂದು ಕಿವಿಗೊಟ್ಟೆ. ಯಾರೂ ಕೂಗಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮಾವನವರು ಅಂದು ಕೂಗಿದ್ದರೋ ಇಲ್ಲವೋ ಎಂದು ಅತ್ತೆಯನ್ನು ನಾನು ಕೇಳಿರಲಿಲ್ಲ. ಸಣ್ಣ ಮಗುವಿನ ಹಾಗೆ ಕೈಯೂರಿ ಎದ್ದೆ. ಮಜ್ಜಿಗೆ ಅರ್ಧ ಚೆಲ್ಲಿ ಸೀರೆ ತೊಯ್ದಿತ್ತು. ಎದ್ದು ಮತ್ತೆ ಓಡಿದೆ. ಅಷ್ಟು ಹೊತ್ತು ಬೇಗ ಮುಟ್ಟಬೇಕೆಂದು ಓಡಿದವಳಿಗೆ ಈಗ ಮುಟ್ಟುವುದಕ್ಕೇ ಭಯ.

ಹೊಲ ಮುಗಿದಲ್ಲಿ ನೆಲ ಒಮ್ಮೆಲೇ ಕಡಿದುಹೋಗಿತ್ತು. ನಾನು ಬಂದು ನಿಂತದ್ದು ಆ ಎತ್ತರದ ದಂಡೆಯ ನೆತ್ತಿಯ ಮೇಲೆ. ನನ್ನ ಕಾಲ ಕೆಳಗೆ, ದಂಡೆಯ ಮಣ್ಣಿನಲ್ಲಿ ಗೂಡು ಕೊರೆದು, ಸುಣ್ಣ ಬಳಿದ ಎರಡು ಮಡಕೆಗಳನ್ನು ಗುರಿಗೆ ಇಟ್ಟಿದ್ದರು; ಒಂದು ಆಗಲೇ ಚೂರಾಗಿತ್ತು. ಎದುರಿಗೆ, ಹಳ್ಳದ ಮರಳು ದಾಟಿ, ಚಕ್ಕಡಿ. ಅದರ ಹಿಂದೆ ಎತ್ತು ಹಿಡಿದ ಆಳು, ಪಕ್ಕದಲ್ಲಿ ಕಾಕಾ. ಅವರ ಮುಂದೆ ಮೊಣಕಾಲೂರಿ, ಸುತ್ತಿದ ಗೋಣಿಚೀಲದ ಮೇಲೆ ಮೊಣಕೈ ಇಟ್ಟು ಯಜಮಾನರು. ಎರಡೂ ಕೈ ಇದ್ದವು. ಮುಖ ಮುಖವಾಗಿಯೇ ಇತ್ತು. ಆದರೆ ಭುಜಕ್ಕೆ ಹಚ್ಚಿದ್ದ ಬಂದೂಕಿನ ನಡುವೆ ಬಿಸಿಲಿಗೆ ಹಿತ್ತಾಳೆ ಫಳಫಳ ಎನ್ನುತ್ತಿತ್ತು. ಮೊದಲು ಹೊಡೆದದ್ದು ಕಪ್ಪು ಬಂದೂಕು. ಅದು ಈಗ ಚಕ್ಕಡಿಗೆ ಆನಿಸಿ ನಿಂತಿತ್ತು.

"ಬ್ಯಾಡ್ರೀ! ಹೊಡೀಬ್ಯಾಡ್ರೀ!" ಎಂದು ಕೂಗಿದೆ. ಕೂಗಿದೆನೆಂದು ನನ್ನ ನೆನಪು. ಮೂವರ ಕಿವಿಯಲ್ಲೂ ಹತ್ತಿಯ ಬಿಳಿ ಉಂಡೆಗಳು; ಕಿವಿ ಗುಂಯ್ ಅನ್ನಬಾರದೆಂದು ಕಾಕಾ ತುರುಕಿಸಿದ್ದರು. ಯಜಮಾನರ ಗಲ್ಲ ಕಟ್ಟಿಗೆಗೆ ಹತ್ತಿತು. ಒಂದು ಕಣ್ಣು ಮುಚ್ಚಿತು.

ಕೈಯಲ್ಲಿದ್ದದ್ದನ್ನು ಎಸೆದೆ. ಮೊದಲು ಗಡಿಗೆ ಹೋಗಿ ಗುರಿಯ ಮಡಕೆಯ ಪಕ್ಕದಲ್ಲಿ ಒಡೆದು ಮಜ್ಜಿಗೆ ಚಿಮ್ಮಿತು. ಹಿಂದೆಯೇ ಬುತ್ತಿಯ ಗಂಟು. ಅದು ಬಿಚ್ಚಿ, ಕಟಕ್ ರೊಟ್ಟಿಗಳು ಗಾಲಿಗಳ ಹಾಗೆ ದಂಡೆ ಇಳಿದು ಮರಳಿನ ಮೇಲೆ ಉರುಳಿದವು. ಯಜಮಾನರು ಕಣ್ಣು ತೆರೆದರು. ರೊಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಬೆರಳು ಬಂದೂಕಿನ ಕುದುರೆಯಿಂದ, ಆ ಗುಂಡು ಹಾರಿಸುವ ಕೊಕ್ಕೆಯಿಂದ, ಹೊರಗೆ ಬಂತು.

ನಾನು ದಂಡೆಯ ಓರೆಯಲ್ಲಿ ಜಾರಿ ಇಳಿದು ಹೋಗುವಷ್ಟರಲ್ಲಿ ಅವರೇ ಅರ್ಧ ದಾರಿ ಓಡಿ ಬಂದಿದ್ದರು. "ಅಪ್ಪಗ ಏನಾತು? ಅವ್ವಗೇನಾತು?"

"ಅದರ ಬಾಯಾಗ ಹೂರಣ ಐತ್ರಿ."

ಅವರು ನನ್ನ ಮುಖ ನೋಡಿದರು, ಹುಚ್ಚು ಹಿಡಿದಿದೆಯೇ ಎಂದು. ಹಿಂದೆಯೇ ಬಂದಿದ್ದ ಕಾಕಾ ಕಿವಿಯ ಹತ್ತಿ ಕೀಳುತ್ತ, "ಏನಂತ ತಂಗಿ? ಹೂರಣಾ?" ಎಂದು ದೊಡ್ಡದಾಗಿ ನಕ್ಕರು. ನಗುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಹೋಗಿ ಹಿತ್ತಾಳೆಯ ಬಂದೂಕನ್ನು ಎತ್ತಿ, ಬಾಯಿ ದಂಡೆಯ ಕಡೆಗಿಟ್ಟು, ಕೆಳಗಿನ ಹಿಡಿ ಎಳೆದು ಎಳೆದು ತೋಟಾಗಳನ್ನೆಲ್ಲ ಕೆಡವಿದರು. ಆಮೇಲೆ ಒಂದು ಕಡ್ಡಿ ಮುರಿದು ತುದಿಯಿಂದ ಒಳಗೆ ತೂರಿಸಿದರು. ಒಂದು ಬೆರಳಷ್ಟು ಹೋಗಿ ಟಕ್ ಎಂದು ನಿಂತಿತು.

ಅದನ್ನು ಕೆರೆದು ತೆಗೆಯಲು ಬಹಳ ಹೊತ್ತು ಹಿಡಿಯಿತು. ಬೆಲ್ಲ ಬಿಗಿದು ಕಲ್ಲಾಗಿತ್ತು. ಪುಡಿಪುಡಿಯಾಗಿ ಬಂತು, ನಡುನಡುವೆ ಸತ್ತ ಇರುವೆ. ಏಲಕ್ಕಿಯ ವಾಸನೆ ಹಾಗೆಯೇ ಇತ್ತು. ಕಾಕಾ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, "ವೈನಿ ನನಗ ಇನ್ನೊಂದು ಹೋಳಿಗಿ ಹಾಕ್ತೇನಂತ ಹಾಕ್ಲಿಲ್ಲ. ಇದಕ್ಕ ನೋಡು, ಒತ್ತಿ ಒತ್ತಿ ಉಣಿಸ್ಯಾರ," ಎಂದರು. ಹೇಳಿ ಪುಡಿಯನ್ನು ಮರಳಿಗೆ ಝಾಡಿಸಿದರು. ಮೊದಲು ಕಪ್ಪು ಬಂದೂಕನ್ನು ಹೊಡೆಯಲು ಹಟ ಮಾಡಿದವರೂ ಅವರೇ. ಇಷ್ಟವಿಲ್ಲದ್ದನ್ನು ಮೊದಲು ಮುಗಿಸು, ಇಲ್ಲದಿದ್ದರೆ ಆಮೇಲೆ ಅದನ್ನು ಮುಟ್ಟುವುದಿಲ್ಲ ನೀನು ಎಂದಿದ್ದರಂತೆ.

ಯಜಮಾನರು ಮರಳಿನ ಮೇಲೆ ಕೂತು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಮಕ್ಕಳ ಹಾಗೆ, "ಈಗ ಸ್ವಚ್ಛ ಆತಲ್ಲ. ಇದ್ರಾಗೂ ಒಂದೆರಡು ಹೊಡದು ನೋಡೋಣ ಕಾಕಾ," ಎಂದರು.

ಕಾಕಾ ಚಿಂದಿ ಹಾಕಿ ತಿಕ್ಕಿ, ನನ್ನನ್ನು ಚಕ್ಕಡಿಯ ಹಿಂದೆ ಕೂರಿಸಿ, ಹೊಡೆಯಗೊಟ್ಟರು. ನಾನು ಎತ್ತಿನ ಪಕ್ಕದಲ್ಲಿ ಮುದುಡಿ ಕಿವಿ ಮುಚ್ಚಿಕೊಂಡೆ. ಪ್ರತಿಯೊಂದು ಸಪ್ಪಳಕ್ಕೂ ಎತ್ತಿನ ಚರ್ಮ ನಡುಗುತ್ತಿತ್ತು, ನನ್ನದೂ. ಮಡಕೆ ಹಾಗೆಯೇ ಉಳಿಯಿತು. ಹಿತ್ತಾಳೆ ರಾಣಿಯ ಗುಂಡುಗಳಲ್ಲಿ ಒಂದು ಮಡಕೆಯ ಮೇಲುಗಡೆ, ಒಂದು ಎಡಕ್ಕೆ, ಇನ್ನೊಂದು ಎಲ್ಲಿ ಹೋಯಿತೋ ಆಳು ಹುಡುಕಿದರೂ ಸಿಗಲಿಲ್ಲ. ಆಮೇಲೆ ಕಪ್ಪು ಬಂದೂಕು. ಅದು ಈ ಮಡಕೆಯನ್ನೂ ಒಡೆಯಿತು. ಒಡೆದ ಮೇಲೆ ಅದರ ಹಿಂದಿನ ಮಣ್ಣಿನಲ್ಲಿ ಹೊಡೆದ ತೂತುಗಳನ್ನೆಲ್ಲ ಒಂದು ಹೋಳಿಗೆಯಿಂದ ಮುಚ್ಚಬಹುದಾಗಿತ್ತು.

ಅಷ್ಟಾದರೂ ಯಜಮಾನರ ನೋಟ ಹಿತ್ತಾಳೆಯ ಮೇಲೆಯೇ. "ಕೈ ನಡಗಾಕತ್ತಿತ್ತು ಕಾಕಾ. ನಾಳೆ ಇನ್ನೊಮ್ಮೆ ಹೊಡದು ನೋಡಿದ್ರ..."

ಹಿರಿಯರ ಎದುರಿಗೆ ನಾನು ಅದುವರೆಗೆ ಬಾಯಿ ತೆರೆದವಳಲ್ಲ. "ಅದು ಬ್ಯಾಡ್ರಿ," ಎಂದೆ. "ಅದರ ಒಳಗ ನೋಡಾಕ ಬರೂದಿಲ್ಲ. ನೀವು ಹೋಗಾಗ ನಾ ಏನು ನೋಡಿ ಕಳಿಸಲಿ?"

ಕಾಕಾ ಕಪ್ಪು ರೈಫಲ್ಲಿನ ಚಿಲಕ ಹೊರತೆಗೆದು ಅದನ್ನು ನನ್ನ ಮುಂದೆ ಹಿಡಿದರು. "ನೋಡವಾ. ನನ್ನ ಕಣ್ಣಿಗೆ ಮಂಜು ಮಂಜು ಕಾಣಸ್ತೈತಿ. ನೀ ನೋಡಿ ಹೇಳು."

ಮುಟ್ಟಲು ಹೆದರಿಕೆ. ಕಣ್ಣಷ್ಟೇ ಹತ್ತಿರ ತಂದೆ. ಒಳಗೆ ಹಗ್ಗ ಹೊಸೆದ ಹಾಗೆ ಸುತ್ತು ಸುತ್ತು ಗೆರೆಗಳು, ಆ ಗೆರೆಗಳ ಕೊನೆಯಲ್ಲಿ ಒಂದು ಗುಂಡನೆಯ ಆಕಾಶ. ಮಧ್ಯೆ ಏನೂ ಇರಲಿಲ್ಲ.

"ಸ್ವಚ್ಛ ಐತ್ರಿ," ಎಂದೆ.

"ಮುಗೀತು. ಇದ ನಿಮ್ದು," ಎಂದರು ಕಾಕಾ.

ಮನೆಗೆ ಬಂದಾಗ ಮಾವನವರು ಕಟ್ಟೆಯಿಂದ ಇಳಿದು ಬಂದು, ಮಗನ ಎರಡೂ ಕೈಗಳನ್ನು ಹಿಡಿದು, ಬೆರಳುಗಳನ್ನು ಬಿಡಿಸಿ ನೋಡಿ ಬಿಟ್ಟರು. ಅತ್ತೆ ಹೊರಗೆ ಬರಲಿಲ್ಲ. ದೇವರ ಮುಂದೆ ಕೂತಿದ್ದರು. ಕಾಕಾ ಒಳಗೆ ಹೋಗಿ, "ವೈನಿ, ನಿಮ್ಮ ಎಡಿ ಭಾರಿ ರುಚಿ ಆಗಿತ್ತಂತ, ಬಂದೂಕ ಹೇಳಿ ಕಳಿಸೈತಿ," ಎಂದಾಗ ಅವರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಂದು ಸಂಜೆ ಕಾಕಾನ ತಟ್ಟೆಗೆ ಹೋಳಿಗೆಯ ಮೇಲೆ ಹೋಳಿಗೆ ಬಿತ್ತು.

ಆ ಬಂದೂಕು ನಮ್ಮಲ್ಲಿ ಉಳಿಯಿತು. ಚಿಗರಿಗೆ ಮನುಷ್ಯನನ್ನು ಕಂಡರೆ ಭಯ, ಚಕ್ಕಡಿಯನ್ನು ಕಂಡರೆ ಇಲ್ಲ, ದಿನವೂ ನೋಡುತ್ತವಲ್ಲ. ಅದಕ್ಕೆ ಯಜಮಾನರು ಚಕ್ಕಡಿಯ ಮರೆಯಲ್ಲಿ, ಗಾಲಿಯ ಪಕ್ಕಕ್ಕೆ ಬಾಗಿ ನಡೆಯುತ್ತ ಹೋಗುತ್ತಿದ್ದರು. ಎತ್ತಿನ ಕೊರಳ ಗೆಜ್ಜೆ ಬಿಚ್ಚುತ್ತಿರಲಿಲ್ಲ, ಸಪ್ಪಳ ನಿಂತರೆ ಚಿಗರಿಗಳಿಗೆ ಅನುಮಾನ. ನಾನು ಹಿತ್ತಲಲ್ಲಿ ಕೆಲಸ ಮಾಡುತ್ತ ಆ ಗೆಜ್ಜೆ ದೂರವಾಗುವುದನ್ನು ಕೇಳುತ್ತಿದ್ದೆ. ಆಮೇಲೆ ಒಂದು ಸಪ್ಪಳ, ಹೆಚ್ಚಾಗಿ ಒಂದೇ. ಆ ಸಪ್ಪಳಕ್ಕೂ ಗೆಜ್ಜೆ ತಿರುಗಿ ಕೇಳುವುದಕ್ಕೂ ನಡುವಿನ ಹೊತ್ತು ನನಗೆ ಯಾವತ್ತೂ ರೂಢಿಯಾಗಲಿಲ್ಲ. ಹೊತ್ತುಕೊಂಡ ಕೊಡವನ್ನು ಇಳಿಸದೆ ಹಾಗೆಯೇ ನಿಂತಿರುತ್ತಿದ್ದೆ.

ಮರುವರ್ಷ ಖಂಡೇಪೂಜೆಗೆ ಅತ್ತೆ ಹೂರಣದ ಉಂಡೆ ಹಿಡಿದು ಬಂದೂಕಿನ ಮುಂದೆ ಕೂತರು. ಇಡದಿದ್ದರೆ ಅವರಿಗೆ ಸಮಾಧಾನವಿಲ್ಲ, ಇಡಲು ಧೈರ್ಯವಿಲ್ಲ. ನಾನು ಚಿಲಕವನ್ನು ಹೊರತೆಗೆದು ಎಲೆಯ ಮೇಲಿಟ್ಟೆ. "ಇದು ಉಣ್ಣೋದು ಇಲ್ಲಿಂದ್ರಿ ಅತ್ತಿ. ಇದರ ಮುಂದ ಇಡ್ರಿ ಸಾಕು," ಎಂದೆ.

ಅವರು ಚಿಲಕವನ್ನೂ ಬಂದೂಕನ್ನೂ ಬಹಳ ಹೊತ್ತು ನೋಡಿದರು. "ಬೆನ್ನಲೆ ಉಣ್ಣತೈತಿ, ಬಾಯಲೆ ಉಗಳತೈತಿ. ಎಂಥಾ ಮನಿತನದ್ದೋ ಇದು," ಎಂದು ಉಂಡೆಯನ್ನು ಎಲೆಯ ಮೇಲಿಟ್ಟು, ಕೈ ತೊಳೆದುಕೊಂಡು, ಮತ್ತೆ ಕೇಳಿದರು: "ನೀ ಒಮ್ಮೆ ನೋಡಿಬಿಡವಾ, ಯಾವುದಕ್ಕೂ."

ನೋಡಿದೆ. ಆಮೇಲೂ ಪ್ರತಿ ಸಲ ನೋಡಿದೆ. ಯಜಮಾನರು ರುಮಾಲು ಸುತ್ತಿಕೊಳ್ಳುವಷ್ಟರಲ್ಲಿ ನಾನು ಚಿಲಕ ತೆಗೆದು, ನಳಿಕೆಯನ್ನು ಬೆಳಕಿಂಡಿಯ ಕಡೆಗೆ ಎತ್ತಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಆ ಸುತ್ತುಗೆರೆಗಳಲ್ಲಿ ಹುಡುಕುತ್ತಿದ್ದೆ. "ಕಾಣಿಸ್ತೇನ?" ಎಂದು ಅವರು ಕೇಳುವರು. ಆ ಗುಂಡನೆಯ ಬೆಳಕು ಪೂರ್ತಿ ಕಂಡ ಮೇಲೆಯೇ ನಾನು ಬಾಗಿಲ ಅಗಳಿ ತೆಗೆಯುತ್ತಿದ್ದದ್ದು.